ಔರಾದ ಸಂತೆಯ ಚೂರಿ

ನಿಜಾಮರ ಆಳ್ವಿಕೆಯ ಕಾಲ. ನಮ್ಮ ಭಾಗದಲ್ಲಿ ಪ್ಲೇಗು ಬಂದು ಊರಿಗೆ ಊರೇ ಹೊಲಕ್ಕೆ ಹೋಗಿ ಕುಳಿತ ವರ್ಷ. ನಾನು ಉಮರ್ಗಾ ಕಡೆಯ ತವರಿನಿಂದ ವಲಾಂಡಿ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಬಂದು ಒಂದು ಸುಗ್ಗಿ ಮುಗಿದಿತ್ತು, ಅಷ್ಟೆ. ಈಗ ಮೊಮ್ಮಗಳ ಕೈಯಲ್ಲಿ ಇದನ್ನು ಬರೆಸುತ್ತಿದ್ದೇನೆ. ನಡುನಡುವೆ ಅವಳು, "ಆಯಿ, ಇಷ್ಟು ಖಡಕ್ ಬ್ಯಾಡ, ಓದೋ ಮಂದಿ ಏನಂತಾರ?" ಎನ್ನುತ್ತಾಳೆ. ಅನ್ನುವವರು ಆಗಲೇ ಬೇಕಾದಷ್ಟು ಅಂದು ಮುಗಿಸಿದ್ದಾರೆ, ನೀನು ಬರಿ ಎಂದಿದ್ದೇನೆ.

ಆ ವರ್ಷ ಚಳಿ ಶುರುವಾಗುತ್ತಲೇ ಮನೆಗಳಲ್ಲಿ ಇಲಿ ಸತ್ತು ಬೀಳತೊಡಗಿದವು. ಇಲಿ ಬಿತ್ತೆಂದರೆ ಮುಂದೆ ಮನುಷ್ಯರ ಸರದಿ. ತಹಸೀಲಿನಿಂದ ಹುಕುಂ ಬಂತು, ಡಂಗುರ ಹೊಡೆದರು. ಎಲ್ಲರೂ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು, ಬೇನೆ ಹೋಗುವ ತನಕ ಊರೊಳಗೆ ಕಾಲಿಡಬಾರದು. ನಮ್ಮ ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ, ನಾನು. ಮಾವ ಸಿದ್ರಾಮಪ್ಪನವರು ಸ್ವಂತ ಹೊಲ, ಬಾವಿ ಇದ್ದ ರೈತರು, ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದ ಮನುಷ್ಯ. ಅವರೆದುರು ನಾನು ಸೆರಗು ಸರಿಸಿದವಳಲ್ಲ. ಮಾತಾಡಿದ್ದಂತೂ ಇಲ್ಲವೇ ಇಲ್ಲ.

ಹೊಲದಲ್ಲಿ ಬದುಕಬೇಕೆಂದರೆ ಮೊದಲು ಒಂದು ಗಟ್ಟಿ ಚೂರಿ ಬೇಕು ಎಂದು ನಾನು ಅತ್ತೆಗೆ ಹೇಳಿದೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬೆಳೆ ಕಾಯುತ್ತಾ ತಿಂಗಳುಗಟ್ಟಲೆ ಹೊಲದಲ್ಲೇ ಇದ್ದವಳು ನಾನು. ಕೊಡಲಿ ಮರ ಕಡಿಯುತ್ತದೆ, ಆದರೆ ಅದರಿಂದ ನಾರು ಸುಲಿಯಲಾಗದು. ಕುಡಗೋಲು ಜೋಳದ ಕಣಿಕೆ ಕೊಯ್ಯುತ್ತದೆ, ಜಾಲಿ ಕಟ್ಟಿಗೆ ಸೀಳುವುದಿಲ್ಲ. ಗೂಟಕ್ಕೆ ಮೊನೆ ಮಾಡುವುದು, ಒಲೆಗೆ ಸಣ್ಣ ಚಕ್ಕೆ ತೆಗೆಯುವುದು, ಹಗ್ಗ ಕೊಯ್ಯುವುದು, ಇವೆಲ್ಲಕ್ಕೂ ಕೈಗೆ ಸಿಗುವಂಥ ಒಂದೇ ಸಾಮಾನು ಬೇಕು.

ಪಡಸಾಲೆಯಲ್ಲಿದ್ದ ಮಾವನಿಗೆ ಕೇಳಿಸಿತು. ಅವರು ನನಗಲ್ಲ, ಅತ್ತೆಗೆ ಹೇಳಿದರು, "ಮನ್ಯಾಗ ಚಾಕು ಅದಲ್ಲ? ಇನ್ನೊಂದ್ಯಾಕ ಬೇಕು ಆಕಿಗಿ?"

ಅವರ ಚಾಕು ಊರಿಗೆಲ್ಲ ಗೊತ್ತಿತ್ತು. ಉದಗೀರದಲ್ಲಿ ಕೊಂಡದ್ದು. ಬಿಳಿ ಹಿಡಿಕೆ, ಮಡಚಿದರೆ ಅಲಗು ಒಳಗೆ ಸೇರುತ್ತಿತ್ತು. ಪೇರಲಹಣ್ಣು ಹೋಳು ಮಾಡಲು ಬಹಳ ಚೆಂದ. ಜಾಲಿ ಕಟ್ಟಿಗೆಯ ಮೇಲೆ ಇಟ್ಟು ಒಮ್ಮೆ ಬಡಿದರೆ ಅದರ ಸೊಂಟ ಮುರಿಯುತ್ತಿತ್ತು. ನಾನು ಹಾಗೆ ಹೇಳಲಿಲ್ಲ. ಅತ್ತೆಯ ಕಿವಿಯಲ್ಲಿ, "ಮಡಚೂದು ಅದು, ಮುರೀತದ" ಎಂದಷ್ಟೇ ಅಂದೆ. ಅತ್ತೆ ನಕ್ಕು, ಸಂತೆಗೆ ಹೊರಟ ಗಂಡನ ಜೊತೆ ನನ್ನನ್ನೂ ಕಳಿಸಿದರು.

ಔರಾದದ ಸಂತೆಯಲ್ಲಿ ಒಬ್ಬ ಮುದುಕ ಗೋಣಿತಟ್ಟಿನ ಮೇಲೆ ಕಬ್ಬಿಣದ ಸಾಮಾನು ಹರಡಿಕೊಂಡು ಕೂತಿದ್ದ. ನಾನು ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಚೂರಿ ಎತ್ತಿ ನೋಡಿದೆ. ಹೆಚ್ಚಿನವು ಹೊಳೆಯುತ್ತಿದ್ದವು. ಆದರೆ ಅಲಗಿನ ಬಾಲ ಹಿಡಿಕೆಯೊಳಗೆ ಬೆರಳುದ್ದ ಹೋಗಿ ನಿಂತಿತ್ತು. ಅಂಥವು ನಾಲ್ಕು ಪೆಟ್ಟಿಗೆ ಹಿಡಿಕೆಯಿಂದ ಕಳಚಿ ಬರುತ್ತವೆ. ಕೆಲವು ತೀರಾ ಉದ್ದ. ಉದ್ದ ಚೂರಿ ಹಿಡಿದರೆ ನೋಡಲು ಜೋರು, ಕೆಲಸಕ್ಕೆ ಬಾರದು. ಕೊನೆಗೆ ಕರ್ರಗಿನ, ಒರಟಾದ ಒಂದು ಸಿಕ್ಕಿತು. ಅಲಗು ನನ್ನ ಅಂಗೈಗಿಂತ ಸ್ವಲ್ಪ ಉದ್ದ. ಬೆನ್ನು ದಪ್ಪ. ಅಲಗಿನ ಕಬ್ಬಿಣವೇ ಹಿಡಿಕೆಯ ತುದಿಯವರೆಗೂ ಒಂದೇ ತುಂಡಾಗಿ ಹೋಗಿತ್ತು. ಎರಡೂ ಕಡೆ ಕಟ್ಟಿಗೆ ಇಟ್ಟು ಮೊಳೆ ಬಡಿದಿದ್ದರು. ಮೊನೆಯನ್ನು ಹಲಗೆಗೆ ಊರಿ ಮೈಭಾರ ಬಿಟ್ಟೆ. ಬಾಗಲಿಲ್ಲ.

"ಮಜಬೂತ್ ಅದ ಅಕ್ಕಾ," ಎಂದ ಮುದುಕ. ಆಮೇಲೆ ನನ್ನ ಹಣೆಯ ವಿಭೂತಿ ನೋಡಿ ಅನುಮಾನಿಸಿದ. "ಖರೆ, ಇದು ಕಸಾಯಿ ಮಂದಿ ಒಯ್ಯೂ ನಮೂನಿ. ಲಿಂಗ ಕಟ್ಟಿದವ್ರು ಒಯ್ಯೂದಿಲ್ಲ."

ನನ್ನ ಗಂಡ ನಾಲ್ಕು ಹೆಜ್ಜೆ ಹಿಂದೆ ಸರಿದರು. "ಏ, ಇಡು ಅದು. ಅಪ್ಪಾ ಮನ್ಯಾಗ ಕಾಲಿಡ್ಲಾಕ ಬಿಡಂಗಿಲ್ಲ."

"ಹೊಸಾದು ಅದರೀ. ಇನ್ನೂ ಏನೂ ಕೊಯ್ದಿಲ್ಲ," ಎಂದೆ. "ಕಸಾಯಿ ಒಯ್ದಿದ್ರ ಅಂವನ ಕೆಲಸ ಮಾಡ್ತಿತ್ತು. ನಾ ಒಯ್ದ್ರ ನನ್ನ ಕೆಲಸ ಮಾಡ್ತದ."

ಕೊಂಡೇ ಬಂದೆ. ಮಾವ ಅದನ್ನು ನೋಡಿ, "ಛೀ, ಲಿಂಗವಂತರ ಮನಿ ಇದು," ಎಂದು ಮುಖ ತಿರುಗಿಸಿದರು. ಮನೆಯೊಳಗೆ ತರಬಾರದು ಎಂದರು. ಸರಿ, ಒಳಗೆ ತರಲಿಲ್ಲ. ತೊಗಲಿನ ಒರೆಗೆ ಹಾಕಿ ಸೀರೆಯ ನಡುವಿಗೆ ಸಿಕ್ಕಿಸಿಕೊಂಡೆ. ಎಷ್ಟೆಂದರೂ ಎರಡು ದಿನದಲ್ಲಿ ಮನೆಯನ್ನೇ ಬಿಡುವವರಿದ್ದೆವು.

ಹೊಲಕ್ಕೆ ಹೋದ ಮೇಲೆ ಆ ಚೂರಿ ಒಂದು ಗಳಿಗೆ ಸುಮ್ಮನೆ ಕೂರಲಿಲ್ಲ. ಗುಡಿಸಲಿನ ಗೂಟಗಳಿಗೆಲ್ಲ ಅದರಿಂದಲೇ ಮೊನೆ ಮಾಡಿದೆ. ಕಟ್ಟಿಗೆಯ ಮೇಲೆ ಅಲಗಿಟ್ಟು, ದಪ್ಪ ಬೆನ್ನಿಗೆ ಇನ್ನೊಂದು ಕಟ್ಟಿಗೆಯಿಂದ ಬಡಿದು ಸೀಳಿದೆ. ಸುತ್ತಲಿನ ಗುಡಿಸಲುಗಳ ಹೆಂಗಸರು ಮೊದಮೊದಲು, "ಕಸಾಯಿ ಚೂರಿ ಬಂತು ನೋಡ್ರೆ" ಎಂದು ನಗುತ್ತಿದ್ದರು. ವಾರ ಕಳೆಯುವುದರೊಳಗೆ ಅವರೇ ಗಂಡಸರು ಅತ್ತ ಹೋಗುವುದನ್ನು ಕಾದು, "ನೀಲವ್ವಾ, ಒಂದೀಟು ಕೊಡು" ಎಂದು ಕೇಳಿ ಒಯ್ಯತೊಡಗಿದರು. ಕೊಟ್ಟೆ. ನಗುವುದನ್ನು ಮಾತ್ರ ನಾನೂ ಬಿಡಲಿಲ್ಲ. ತೊಗಲಿನ ಒರೆ ನಡುವಿನಲ್ಲಿ ಕಟ್ಟಿಕೊಂಡಿದ್ದಾಳೆ ಎಂದು ಒಬ್ಬಾಕೆ ಮೂಗು ಮುರಿದಾಗ, "ಬಾವ್ಯಾಗಿಂದು ನೀರು ಯಾತರಾಗ ಬರ್ತದವ್ವಾ?" ಎಂದು ಕೇಳಿದೆ. ಬಾವಿಯ ನೀರೆತ್ತುವ ಚೀಲವೂ ತೊಗಲಿನದೇ. ಆ ನೀರನ್ನೇ ಎಲ್ಲರೂ ಕುಡಿಯುತ್ತಿದ್ದೆವು.

ಆ ಬಾವಿಯಲ್ಲೇ ಅದು ನಡೆದದ್ದು. ಗುಡಿಸಲಿನವರಿಗೆಲ್ಲ ನಮ್ಮ ಹೊಲದ ಬಾವಿಯೇ ಆಧಾರ. ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದಂತೆ ಬಾವಿಯ ಮೇಲಿನ ಗಾಲಿ ತಿರುಗಿ, ಹಗ್ಗಕ್ಕೆ ಕಟ್ಟಿದ ಚೀಲ ತುಂಬಿಕೊಂಡು ಮೇಲೆ ಬರುತ್ತಿತ್ತು. ಅದಕ್ಕೆ ನಮ್ಮ ಕಡೆ ಮೋಟ ಎನ್ನುತ್ತಾರೆ. ಒಂದು ಮಧ್ಯಾಹ್ನ ನನ್ನ ಗಂಡ ಎತ್ತು ಹೊಡೆಯುತ್ತಿದ್ದರು. ನಾನು ಚೀಲದ ನೀರು ಬೀಳುವ ಕಲ್ಲಿನ ದೋಣಿಯ ಬಳಿ ಕೊಡ ಹಿಡಿದು ನಿಂತಿದ್ದೆ. ಗಾಲಿ ಕಿರುಗುಡುತ್ತಿದೆ ಎಂದು ಮಾವ ಎಣ್ಣೆಯ ಬಟ್ಟಲು ಹಿಡಿದು ಬಾವಿಯ ಅಂಚಿನಲ್ಲಿ ಬಗ್ಗಿದರು. ಎತ್ತು ನಿಲ್ಲಿಸಿ ಎಣ್ಣೆ ಬಿಡಬೇಕಿತ್ತು. ಅವರು ಗಾಲಿ ತಿರುಗುವಾಗಲೇ ಬಿಟ್ಟರು.

ಮೈಮೇಲೆ ಅಂಗಿ ಇರಲಿಲ್ಲ. ಕೊರಳಲ್ಲಿದ್ದ, ಲಿಂಗವನ್ನಿಟ್ಟ ಬೆಳ್ಳಿ ಕರಡಿಗೆ ಮುಂದಕ್ಕೆ ಜೋತು ಬಿದ್ದು ಗಾಲಿಗೂ ಕಂಬಕ್ಕೂ ನಡುವೆ ಸಿಕ್ಕಿಕೊಂಡಿತು. ಅದನ್ನು ಕಟ್ಟಿದ ಶಿವದಾರ ಗಾಲಿಯ ಅಚ್ಚಿಗೆ ಸುತ್ತಿತು. ಶಿವದಾರ ಸಣ್ಣದಾದರೂ ಹಲವು ಎಳೆ ಹೊಸೆದು ಮೇಣ ತೀಡಿದ್ದು, ಎಳೆದರೆ ಹರಿಯುವಂಥದ್ದಲ್ಲ. ಕಣ್ಣು ಮಿಟುಕಿಸುವುದರಲ್ಲಿ ಅವರ ಗಲ್ಲ ಗಾಲಿಗೆ ಹೋಗಿ ತಾಗಿತು. ಬಾಯಿಂದ ಗೊರಗೊರ ಸದ್ದಷ್ಟೇ ಬಂತು.

ನಾನು ಕೂಗಿದೆ. ಗಂಡ ಎತ್ತು ನಿಲ್ಲಿಸಿ ಒಂದು ಹೆಜ್ಜೆ ಹಿಂದಕ್ಕೆ ಸರಿಸಿದರು. ಗಾಲಿ ಹಿಂದೆ ತಿರುಗಿತು, ಆದರೆ ದಾರ ಅಡ್ಡಸುತ್ತಾಗಿ ಇನ್ನಷ್ಟು ಬಿಗಿಯಿತು. ತುಂಬಿದ ಚೀಲ ಬಾವಿಯಲ್ಲಿ ತೂಗುತ್ತಿತ್ತು. ಎತ್ತು ಬಿಟ್ಟು ಅವರು ಓಡಿ ಬರುವಂತಿರಲಿಲ್ಲ. ಬಿಟ್ಟರೆ ಆ ಭಾರಕ್ಕೆ ಗಾಲಿ ಗಿರ್ರನೆ ತಿರುಗಿ ಮಾವನ ಕುತ್ತಿಗೆಯೇ ಹೋಗುತ್ತಿತ್ತು.

ನಾನು ಬಾವಿಯ ಕಟ್ಟೆಯ ಮೇಲೆ ಹತ್ತಿದೆ. ಎಡಗೈಯಿಂದ ಮಾವನ ತಲೆಯನ್ನು ತಬ್ಬಿ ಹಿಡಿದೆ. ಮುಖ ನೀಲಿಗಟ್ಟಿತ್ತು. ಅವರ ಚಾಕು ಅವರದೇ ಸೊಂಟದಲ್ಲಿತ್ತು, ಅದನ್ನು ಬಿಚ್ಚಲು ಎರಡು ಕೈ ಬೇಕು. ನನ್ನ ನಡುವಿನಿಂದ ಚೂರಿ ಎಳೆದೆ. ಅಷ್ಟರಲ್ಲಿ ಗುಡಿಸಲಿನಿಂದ ಅತ್ತೆ ಓಡಿ ಬರುತ್ತಾ, "ಶಿವದಾರ ಮುಟ್ಟಬ್ಯಾಡ, ನೀಲಾ! ಲಿಂಗ ಬ್ಯಾರೆ ಆಗ್ತದ!" ಎಂದು ಕಿರುಚಿದರು.

ಅದರ ಅರ್ಥ ನನಗೆ ಗೊತ್ತಿರಲಿಲ್ಲವೆಂದಲ್ಲ. ನನ್ನ ಕೊರಳಲ್ಲೂ ಲಿಂಗವಿದೆ. ಲಿಂಗ ಮೈಯಿಂದ ಬೇರೆಯಾದರೆ ಪ್ರಾಣ ಬೇರೆಯಾದಂತೆ ಎಂದು ಕೇಳುತ್ತಲೇ ಬೆಳೆದವಳು. ಆದರೆ ನನ್ನ ತೋಳಿನಲ್ಲಿದ್ದ ಮನುಷ್ಯನ ಪ್ರಾಣ ನಿಜವಾಗಿಯೇ ಬೇರೆಯಾಗುತ್ತಿತ್ತು. ಚೂರಿಯನ್ನು ದಾರಕ್ಕೂ ಗಂಟಲಿಗೂ ನಡುವೆ ತೂರಿಸಿದೆ. ದಪ್ಪ ಬೆನ್ನು ಗಂಟಲಿನ ಕಡೆಗೆ, ಹರಿತದ ಬಾಯಿ ಹೊರಗೆ. ಹಿಡಿಕೆ ಬಿಗಿಹಿಡಿದು ಹೊರಕ್ಕೆ ಎಳೆದೆ. ದಾರ ಕೊಯ್ದುಹೋಯಿತು. ಇಬ್ಬರೂ ಹಿಂದಕ್ಕೆ ಕಲ್ಲಿನ ಮೇಲೆ ಬಿದ್ದೆವು.

ಗಂಡ ಎತ್ತು ಮುಂದೆ ಹೊಡೆದು ಚೀಲ ಖಾಲಿ ಮಾಡಿ ಓಡಿ ಬಂದರು. ಅಚ್ಚಿನ ದಾರ ಬಿಡಿಸಿ ಕರಡಿಗೆ ತೆಗೆದರು. ಬೆಳ್ಳಿ ನೆಗ್ಗಿತ್ತು, ಒಳಗಿನ ಲಿಂಗಕ್ಕೆ ಏನೂ ಆಗಿರಲಿಲ್ಲ. ಮಾವ ಕಣ್ಣು ತೆರೆದು ಮೊದಲು ಕೇಳಿದ್ದು ಒಂದೇ ಮಾತು. ದನಿ ಇರಲಿಲ್ಲ, ತುಟಿ ಮಾತ್ರ ಆಡಿತು. "ಲಿಂಗ ಎಲ್ಲಿ?"

ಕರಡಿಗೆಯನ್ನು ಅವರ ಅಂಗೈಯಲ್ಲಿಟ್ಟು ಬಟ್ಟೆ ಸುತ್ತಿದರು. ಮತ್ತೆ ಶಾಸ್ತ್ರೋಕ್ತವಾಗಿ ಕಟ್ಟುವ ತನಕ ಅವರು ಹಾಗೆಯೇ ಇದ್ದರು. ನನ್ನ ಕೈಯ ರೊಟ್ಟಿ ಮುಟ್ಟಲಿಲ್ಲ. ನನ್ನ ಕಡೆ ನೋಡಲಿಲ್ಲ. ಆಗ ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟೇ ಹೆಚ್ಚು ಬಂತು.

ಸೋಮವಾರ ಬೆಳಿಗ್ಗೆ ಹುಣಸೆಮರದ ಕೆಳಗೆ ಎಲ್ಲರೂ ಸೇರಿದರು. ನಮ್ಮ ಮನೆತನದ ಪೂಜೆ ಮಾಡುವ ಅಯ್ಯನವರು ಬಂದರು. ಅವರು ಕೆಟ್ಟವರಲ್ಲ. ಲಿಂಗವನ್ನು ಮತ್ತೆ ಪೂಜಿಸಿ ಕಟ್ಟೋಣ, ಅದಕ್ಕೆ ದಾರಿ ಇದೆ ಎಂದರು. ಆದರೆ ಹಿರಿಯರಿಗೆ ಅಷ್ಟು ಸಾಲಲಿಲ್ಲ. ಚೂರಿ ಮಾಂಜ್ರಾ ಹೊಳೆಗೆ ಹಾಕಬೇಕು, ಸೊಸೆ ಎಲ್ಲರೆದುರು ಅಡ್ಡಬಿದ್ದು ತಪ್ಪಾಯ್ತು ಎನ್ನಬೇಕು, ಇಲ್ಲವಾದರೆ ಅವಳ ಕೈಯ ನೀರು ಯಾರೂ ಮುಟ್ಟಬಾರದು ಎಂದರು.

"ಅಂದುಬಿಡು, ಮುಗೀತದ," ಎಂದು ಗಂಡ ಪಿಸುಗುಟ್ಟಿದರು.

ನಾನು ಎದ್ದು ನಿಂತೆ. "ನಾ ದಾರ ಕೊಯ್ದೀನಿ ಅಯ್ಯನೋರೆ. ಲಿಂಗ ಕೊಯ್ದಿಲ್ಲ."

"ದಾರ ಅಂದ್ರ ಬರೇ ದಾರ ಅಲ್ಲವ್ವಾ," ಎಂದರು ಅವರು ಮೆಲ್ಲಗೆ.

"ಗೊತ್ತದರೀ. ನನ್ನ ಕೊಳ್ಳಾಗೂ ಅದ. ಆದ್ರ ತಪ್ಪಾಯ್ತು ಅನ್ನಂಗಿಲ್ಲ. ಇವತ್ತು ನಾ ಅಂದ್ರ, ನಾಳಿ ಇನ್ನೊಬ್ಬಾಕಿ ಇಂಥಾ ಹೊತ್ತಿಗಿ ನಿಂತಾಗ ಆಕಿ ಕೈ ಮುಂದ ಬರಂಗಿಲ್ಲ. ಆಕಿ ವಿಚಾರ ಮಾಡ್ಕೋತ ನಿಂದ್ರತಾಳ. ಅಷ್ಟರಾಗ ಮನುಷ್ಯಾ ಹೋಗ್ತಾನ."

"ಸೊಸಿ ಬಾಯಿ ನೋಡ್ರಿ!" ಎಂದು ಯಾರೋ ಕೂಗಿದರು. ಗದ್ದಲವಾಯಿತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಯ್ಯನವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, ಮೊದಲು ಲಿಂಗ ಕಟ್ಟುವ ಕೆಲಸ ಆಗಲಿ ಎಂದರು. ಪೂಜೆಯಾಯಿತು. ಹೊಸ ಶಿವದಾರಕ್ಕೆ ಕರಡಿಗೆ ಕಟ್ಟಿ ಮಾವನ ಕೊರಳಿಗೆ ಹಾಕಿ ಗಂಟು ಬಿಗಿದರು. ಗಂಟಿನ ಕೆಳಗೆ ದಾರದ ತುದಿಗಳು ಉದ್ದಕ್ಕೆ ಇಳಿಬಿದ್ದಿದ್ದವು. ಅವನ್ನು ಕೊಯ್ಯಲೆಂದು ನನ್ನ ಗಂಡ ಮಾವನ ಚಾಕುವನ್ನು ಬಿಚ್ಚಿ ಅಯ್ಯನವರಿಗೆ ಕೊಡಲು ಹೋದರು.

ಮಾವ ಕೈ ಅಡ್ಡ ಹಿಡಿದರು. ಬಿದ್ದ ಮೇಲೆ ಮೊದಲ ಸಲ ನನ್ನ ಕಡೆ ನೋಡಿದರು. ದನಿ ಇನ್ನೂ ಸರಿಯಾಗಿ ಬಂದಿರಲಿಲ್ಲ.

"ಅದು ಬ್ಯಾಡ," ಎಂದರು. "ಆಕಿ ಚೂರಿ ತರ್ರಿ. ಆಕೀನೇ ಕೊಯ್ಲಿ."

ಹಾಗೆಂದು ತಲೆ ಹಿಂದಕ್ಕೆ ಮಾಡಿ ಕೊರಳು ಎತ್ತಿ ಕೂತರು. ದಾರ ಕೊರೆದ ಕೆಂಪು ಗೆರೆ ಎಲ್ಲರಿಗೂ ಕಾಣುತ್ತಿತ್ತು. ನಾನು ಹೋಗಿ ಮಂಡಿಯೂರಿ ಕೂತೆ. ಚೂರಿಯ ಬೆನ್ನನ್ನು ಅವರ ಗಂಟಲಿನ ಕಡೆಗಿಟ್ಟು, ದಾರದ ತುದಿಗಳನ್ನು ಕೊಯ್ದೆ. ಅವರು ಕಣ್ಣು ಮುಚ್ಚಲಿಲ್ಲ.

ಒಬ್ಬಿಬ್ಬರು ಹಿರಿಯರು ಎದ್ದು ಹೋದರು. ಕೆಲವು ಮನೆಯವರು ಬೇನೆ ಹೋಗಿ ಊರಿಗೆ ಮರಳಿದ ಮೇಲೂ ನನ್ನ ಕೈಯ ನೀರು ಮುಟ್ಟಲಿಲ್ಲ. ಅವರಿಗೆ ಬಾಯಾರಿಕೆ ಆಗಲಿಲ್ಲವೆಂದು ತಿಳಿದುಕೊಂಡೆ. ಮಾವ ಇರುವ ತನಕ ನನ್ನ ಕೈಯ ರೊಟ್ಟಿಯನ್ನೇ ಉಂಡರು. ಆ ವಿಷಯ ಮಾತ್ರ ಒಮ್ಮೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾವ ದೊಡ್ಡ ಮನಸ್ಸು ಮಾಡಿದ್ದಕ್ಕೆ ನೀನು ಉಳಿದೆ ಎಂದು ಬಹಳ ಜನ ನನಗೆ ಹೇಳಿದ್ದಾರೆ. ಅವರದು ದೊಡ್ಡ ಮನಸ್ಸೇ, ಇಲ್ಲ ಎನ್ನುವುದಿಲ್ಲ. ಅವತ್ತು ಅವರು ಕೊರಳೆತ್ತಿ ಕೂತದ್ದನ್ನು ನಾನು ಮರೆತಿಲ್ಲ. ಆದರೆ ಅವರು ಕೊರಳು ಎತ್ತದೇ ಇದ್ದರೂ, ಊರೆಲ್ಲ ನನ್ನ ಕೈಯ ನೀರು ಬಿಟ್ಟಿದ್ದರೂ, ಹಿರಿಯರು ಕೇಳಿದ ಆ ಒಂದು ಮಾತನ್ನು ನಾನು ಆಡುತ್ತಿರಲಿಲ್ಲ. ಅವತ್ತು ಆಡಲಿಲ್ಲ. ಇವತ್ತಿಗೂ ಆಡಿಲ್ಲ.