ವಜ್ರದ ಪದರದೊಳಗಿನ ಬದುಗಳು

ಕಳೆದ ಭಾನುವಾರ ಕುಂದಾಣದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ತಂಗಿ ಉಗುರಿನ ಬಣ್ಣ ಅಳಿಸಿಕೊಳ್ಳುತ್ತಿದ್ದಳು. ಬಾಟಲಿ ತೆರೆದೊಡನೆ ಅಸಿಟೋನಿನ ತೀಕ್ಷ್ಣ ವಾಸನೆ ಹರಡಿತು. ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟೆ. ನನ್ನ ಪಾಲಿಗೆ ಅದು ಪ್ರಯೋಗಾಲಯದ ವಾಸನೆ. ಅಲ್ಲಿ ನನಗಿಂತ ಹಿರಿಯ ಸಂಶೋಧಕಿಯಾಗಿದ್ದ, ನಾವೆಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದ ಒಬ್ಬರ ನೆನಪು...

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ನಾನು ಸಂಶೋಧನೆಗೆ ಸೇರಿದಾಗ, ಮಗನಿಗೆ ವಜ್ರದ ಕೆಲಸ ಸಿಕ್ಕಿದೆಯೆಂದು ಅಪ್ಪ ಊರಿನಲ್ಲೆಲ್ಲ ಹೇಳಿಕೊಂಡಿದ್ದರು. ವಾಸ್ತವವಾಗಿ ನನ್ನ ಕೈಗೆ ಬಂದದ್ದು ಸಿಲಿಕಾನ್ ಬಿಲ್ಲೆಯ ಮೇಲೆ ಬೆಳೆಸಿದ, ಕೂದಲೆಳೆಗಿಂತ ತೆಳುವಾದ, ಬೂದಿ ಬಣ್ಣದ ವಜ್ರದ ಪದರ. ಅದರ ಉದ್ದಕ್ಕೂ ಶಾಖ ಎಷ್ಟು ಸರಾಗವಾಗಿ ಹರಿಯುತ್ತದೆಂದು ನಾನು ಅಳೆಯಬೇಕಿತ್ತು. ವಜ್ರವು ತಾಮ್ರಕ್ಕಿಂತ ಹಲವು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆಂದು ಓದಿದ್ದೆ. ನನಗೆ ದೊರೆತ ಅಂಕಿ ತಾಮ್ರದ್ದಕ್ಕಿಂತಲೂ ಕಡಿಮೆಯಿತ್ತು.

ತಪ್ಪು ನನ್ನದೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಕೊಳೆಯಿರಬೇಕೆಂದು ಪದರವನ್ನು ಅಸಿಟೋನಿನಲ್ಲಿ ತೊಳೆದು ಅಳೆದೆ. ಮತ್ತೆ ತೊಳೆದೆ, ಮತ್ತೆ ಅಳೆದೆ. ಅಂಕಿ ಕದಲಲಿಲ್ಲ. ವಾರ್ಷಿಕ ಪರಿಶೀಲನೆ ಹತ್ತಿರವಾಗುತ್ತಿತ್ತು. ಸಮಿತಿಯವರು ಒಪ್ಪದಿದ್ದರೆ ಶಿಷ್ಯವೇತನ ನಿಲ್ಲುತ್ತಿತ್ತು. ಸಂಶೋಧನೆಯನ್ನು ಕೈಬಿಟ್ಟು ಅಪ್ಪನ ಎದುರು ನಿಲ್ಲಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ ನನ್ನ ಮೇಜಿನ ಬಳಿ ಬಂದು ನಿಂತರು. ಹೊಸಕೋಟೆ ಕಡೆಯವರು, ಮಾತಿನಲ್ಲಿ ಬಿಗುಮಾನವಿರಲಿಲ್ಲ.

“ಏನಪ್ಪಾ, ದಿನಾ ವಜ್ರ ಒಗೀತಾ ಇದ್ದೀಯಾ? ಅದು ಸವೆಯಲ್ಲ ಬಿಡು, ನೀನೇ ಸವೆದೋಗ್ತೀಯ.”

ನಾನು ಅಂಕಿಯನ್ನು ತೋರಿಸಿದೆ. ಪದರದ ಒಳಗು ಹೇಗಿದೆಯೆಂದು ನೋಡಿದೆಯಾ ಎಂದು ಕೇಳಿದರು. ಇಲ್ಲವೆಂದೆ.

“ಹಂಗಾದ್ರೆ ಮುರಿ.”

ನನ್ನ ಬಳಿ ಇದ್ದದ್ದು ಅದೊಂದೇ ಒಳ್ಳೆಯ ಮಾದರಿ. ಕೈ ಬರಲಿಲ್ಲ. ಅವರೇ ಬಿಲ್ಲೆಯ ಬೆನ್ನಿಗೊಂದು ಗೀರು ಹಾಕಿ, ಹಪ್ಪಳ ಮುರಿದಂತೆ ಎರಡು ಹೋಳು ಮಾಡಿದರು.

ಮುರಿದ ಅಂಚನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಪದರ ಬೆಳೆಯಲು ತೊಡಗಿದ ತಳದಲ್ಲಿ ಹರಳುಗಳು ಚಿರೋಟಿ ರವೆಯಂತೆ ಕಿಕ್ಕಿರಿದಿದ್ದವು. ಮೇಲೇರಿದಂತೆ ಅವುಗಳಲ್ಲಿ ಕೆಲವು ಮಾತ್ರ ಉಳಿದು, ಅಗಲವಾಗುತ್ತ ಕಂಬಗಳಾಗಿದ್ದವು. ನಾನು ಒಂದು ವಜ್ರವೆಂದುಕೊಂಡದ್ದು ಲೆಕ್ಕವಿಲ್ಲದಷ್ಟು ಪುಟ್ಟ ವಜ್ರಗಳ ಗುಂಪಾಗಿತ್ತು.

“ನಿಮ್ಮೂರಲ್ಲಿ ಹೊಲ ಭಾಗ ಆದ್ಮೇಲೆ ಬದು ಜಾಸ್ತಿ ಆಗ್ಲಿಲ್ವಾ?” ಎಂದರು ಅಕ್ಕ. ಆಗಿತ್ತು, ಅಪ್ಪ ಮತ್ತು ಚಿಕ್ಕಪ್ಪಂದಿರ ನಡುವೆಯೇ.

“ಒಂದೇ ಹೊಲ ಇದ್ರೆ ನೆಟ್ಟಗೆ ನಡೀತೀಯ. ಹೆಜ್ಜೆಗೊಂದು ಬದು ಇದ್ರೆ ಎಡವ್ತಾ ಹೋಗ್ತೀಯ. ಶಾಖಾನೂ ಅಷ್ಟೇ ಕಣಪ್ಪಾ. ಪದರ ತೆಳ್ಳಗಿದ್ರೆ ಬರೀ ಸಣ್ಣ ಸಣ್ಣ ತುಂಡು. ಅದ್ರಲ್ಲೂ ನೀನು ಅಳೀತಿರೋದು ಕಂಬಗಳಿಗೆ ಅಡ್ಡಡ್ಡ. ನಿನ್ನ ಅಂಕಿ ಸರಿಯಾಗೇ ಇದೆ.”

ನಾನು ನಂಬಲಿಲ್ಲ. ಅವರು ತಮ್ಮದೇ ಒಂದು ದಪ್ಪ ಪದರವನ್ನು ಕೊಟ್ಟು, ಅದನ್ನೂ ಅಳೆಯೆಂದರು. ಹರಳುಗಳು ದೊಡ್ಡವಾಗಿದ್ದ ಅದರಲ್ಲಿ, ಅದೇ ಉಪಕರಣ, ಅದೇ ನನ್ನ ಕೈ, ಅಂಕಿ ಬಹಳಷ್ಟು ಮೇಲೇರಿತು. ಕುರ್ಚಿಗೆ ಒರಗಿ ಕುಳಿತುಬಿಟ್ಟೆ.

ಪರಿಶೀಲನೆಯ ದಿನ ಸಮಿತಿಯವರು ಅಂಕಿ ಏಕಿಷ್ಟು ಕಡಿಮೆ ಎಂದೇ ಮೊದಲು ಕೇಳಿದರು. ಮುರಿದ ಅಂಚಿನ ಚಿತ್ರ ತೋರಿಸಿದೆ. ಒಪ್ಪಿದರು. ಅಂದು ಸಂಜೆ ಬಸ್ಸಿನಲ್ಲಿ ಎಂತಹ ನಿದ್ದೆ ಬಂದಿತೆಂದರೆ, ಕುಂದಾಣ ದಾಟಿದ್ದೇ ತಿಳಿಯಲಿಲ್ಲ. ನಗುತ್ತಲೇ ಹಿಂದಕ್ಕೆ ನಡೆದು ಬಂದೆ.

ಅಕ್ಕ ಈಗಿಲ್ಲ. ಬೇರೆ ಊರಿಗೆ ಹೋದ ಮೇಲೆ ಕಾಯಿಲೆಯಾಗಿತ್ತಂತೆ; ನನಗೆ ತಿಳಿಯುವಷ್ಟರಲ್ಲಿ... ಅಂಕಿಗಳು ಪುಸ್ತಕಕ್ಕೆ ಹೊಂದದಿದ್ದಾಗ ನನ್ನ ಎದೆ ಈಗಲೂ ಡವಗುಟ್ಟುತ್ತದೆ. ಆದರೆ ಮತ್ತೆ ಮತ್ತೆ ತೊಳೆಯುತ್ತ ಕೂರುವುದಿಲ್ಲ. ಮುರಿದು, ಒಳಗೇನಿದೆಯೆಂದು ನೋಡುತ್ತೇನೆ.

“ಅಣ್ಣ, ಆ ಮುಚ್ಚಳ ಹಾಕು, ಎಲ್ಲಾ ಹಾರೋಗ್ತದೆ,” ಎಂದಳು ತಂಗಿ.

ಹಾಕಿದೆ, ಆ ವಾಸನೆ ಸ್ವಲ್ಪ ಹೊತ್ತು ಹರಡಲು ಬಿಟ್ಟು.