ಎದುರು ಮನೆಯಾಕೆಯ ಸಾಕ್ಷಿ

ಬಂತು! ನಮ್ಮ ನೀಮಾಳ ಕಾರ್ಡು ಬಂತು! ಇನ್ನು ನನ್ನ ಮೊಮ್ಮಗನ ಹೆಂಡತಿಯನ್ನು ಯಾರೂ ಕಚೇರಿಗೆ ಕರೆದು "ಇನ್ನೆಷ್ಟು ದಿನ ಇರ್ತೀಯಮ್ಮ" ಎಂದು ಕೇಳುವ ಹಾಗಿಲ್ಲ. ಅವಳು ಈ ಮನೆಯಲ್ಲಿ ಬಾಳುವಷ್ಟು ಕಾಲ ಬಾಳಬಹುದು. ಇವತ್ತು ಬೆಳಿಗ್ಗೆ ಪುಸ್ತಕದ ಹಾಗಿರುವ ಆ ನೀಲಿ ಕಾರ್ಡನ್ನು ಅವಳು ನನ್ನ ಕೈಗೆ ಕೊಟ್ಟಾಗ, ದೇವರ ಮುಂದೆ ಇಡುವುದಕ್ಕೂ ಮೊದಲು ನಾನು ಅದನ್ನು ಗೇಟಿನ ಹತ್ತಿರ ತಂದು ರಸ್ತೆಯ ಆಚೆ ಕಡೆಗೆ ಎತ್ತಿ ಹಿಡಿದೆ.

ಅಲ್ಲಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಎದುರು ಮನೆಯಾಕೆ, ಒಂದು ಕಡ್ಡಿ ಮುರಿದು ಕಪ್ಪು ದಾರ ಕಟ್ಟಿದ ತನ್ನ ಕನ್ನಡಕವನ್ನು ಕಿವಿಗೆ ಸುತ್ತಿಕೊಂಡು ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಮೊರದಲ್ಲಿದ್ದ ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದಳು. ನನಗೆ ಒಂದು ಮಾತೂ ಹೇಳಲಿಲ್ಲ. ಹನ್ನೊಂದು ವರ್ಷದಿಂದ ಹೇಳಿಲ್ಲ. ಆದರೆ ಈ ಕಾರ್ಡು ಬಂದದ್ದು ಅವಳಿಂದಲೇ.

ನಾವಿಬ್ಬರೂ ಹೇರೋಹಳ್ಳಿಗೆ ಸೊಸೆಯಾಗಿ ಬಂದದ್ದು ಹೆಚ್ಚು ಕಡಿಮೆ ಒಂದೇ ಕಾಲಕ್ಕೆ. ಆಗ ಇದು ಹಳ್ಳಿ. ನಾವಿಬ್ಬರೂ ಒಟ್ಟಿಗೆ ಹುಲ್ಲು ಕೊಯ್ದವರು, ಒಬ್ಬರ ಮಕ್ಕಳಿಗೆ ಇನ್ನೊಬ್ಬರು ಎಣ್ಣೆ ನೀರು ಹಾಕಿದವರು. ರಸ್ತೆ ಬದಿಯಲ್ಲಿ ಒಂದು ಹೊಂಗೆ ಮರವಿತ್ತು. ಅವಳು ಹಸು ಕಟ್ಟುತ್ತಿದ್ದದ್ದು ಅದರ ಕೆಳಗೇ, ಮಧ್ಯಾಹ್ನ ಅವಳು ಕೂರುತ್ತಿದ್ದದ್ದೂ ಅಲ್ಲೇ. ನಾವು ಹೊಸ ಮನೆ ಕಟ್ಟಿದಾಗ ಗೇಟಿಗೆ ಆ ಮರ ಅಡ್ಡ ಬಂತು. ಅವಳು ಮದುವೆಗೆಂದು ಊರಿಗೆ ಹೋಗಿದ್ದ ದಿನ ನೋಡಿ ನಾನೇ ನಿಂತು ಕಡಿಸಿದೆ. ಕೇಳಿದ್ದರೆ ಬೇಡ ಎನ್ನುತ್ತಿದ್ದಳು, ಅದಕ್ಕೇ ಕೇಳಲಿಲ್ಲ. ವಾಪಸು ಬಂದವಳು ಉಳಿದಿದ್ದ ಬುಡವನ್ನು ಕೈಯಿಂದ ಸವರಿದಳು. "ನೆರಳು ಕಡಿಸ್ದೋಳ ಜೊತೆ ನಂಗೇನ್ ಮಾತು" ಅಂದಳು. ಅದೇ ಕಡೆಯದು.

ಮಾತು ಬಿಟ್ಟರೂ ಎದುರುಬದುರು ಮನೆ, ಏನಾದರೂ ಹೇಳಲೇಬೇಕಾಗುತ್ತದಲ್ಲ. ನಮ್ಮ ಬೀದಿಯಲ್ಲಿ ಟೈಗರ್ ಅಂತ ಒಂದು ನಾಯಿ ಇದೆ. ನೋಡಲು ಇಲಿಯ ಹಾಗಿದೆ, ಹೆಸರು ಟೈಗರ್. ಅವಳು ಅದಕ್ಕೆ ಹೇಳುತ್ತಿದ್ದಳು: "ಟೈಗರ್, ನೀರು ಬಂದೈತೆ, ಕೆಲವ್ರು ಇನ್ನೂ ಮಲಗವ್ರೆ ನೋಡು." ನಾನೂ ಅದಕ್ಕೇ ಹೇಳುತ್ತಿದ್ದೆ: "ಟೈಗರ್, ಬಟ್ಟೆ ಒಣಗಾಕಿ ಮರೆತು ಕೂತವ್ರೆ ನೋಡೋ, ಮಳೆ ಬರ್ತೈತೆ." ನಾಯಿ ಇಬ್ಬರ ಮುಖವನ್ನೂ ನೋಡಿ ಬಾಲ ಅಲ್ಲಾಡಿಸುತ್ತಿತ್ತು.

ಇಂಥ ಬೀದಿಗೆ ನೀಮಾ ಬಂದಳು. ಅವಳ ಊರು ಟಾಂಜಾನಿಯಾ, ಸಮುದ್ರದ ಆಚೆ. ಮಾಗಡಿ ರಸ್ತೆಯ ಹತ್ತಿರದ ಕಾಲೇಜಿನಲ್ಲಿ ನರ್ಸಿಂಗ್ ಓದಲು ಬಂದವಳು, ಆಸ್ಪತ್ರೆಯಲ್ಲಿ ಲಿಫ್ಟ್ ರಿಪೇರಿ ಮಾಡುತ್ತಿದ್ದ ನನ್ನ ಮೊಮ್ಮಗ ಮಧುವನ್ನು ಮೆಚ್ಚಿದಳು. ಮೊದಲು ನಾನು ಅತ್ತು ಕರೆದು ಊಟ ಬಿಟ್ಟೆ. ಅವಳು ಬಂದು ಹತ್ತಿರ ಕೂತು "ಅಜ್ಜಿ, ನೀವು ತಿಂದ್ರೆ ನಾನೂ ತಿಂತೀನಿ" ಅಂದಳು. ಹಸಿದಿದ್ದೆ, ತಿಂದೆ. ಆಮೇಲೆ ರಿಜಿಸ್ಟರ್ ಮದುವೆಯಾಯಿತು.

ಬೀದಿಯ ಕಟ್ಟುಪಾಡು ಅವಳಿಗೆ ಏನು ಗೊತ್ತು? ಬಂದ ಮಾರನೆಯ ದಿನವೇ ರಸ್ತೆ ದಾಟಿ "ಅಜ್ಜಿ, ಊಟ ಆಯ್ತಾ?" ಎಂದು ಎದುರು ಮನೆಯಾಕೆಯನ್ನು ಕೇಳಿದಳು. ಉತ್ತರ ಬರಲಿಲ್ಲ. ದಿನಾ ಕೇಳಿದಳು. ಒಂದು ದಿನ ನಮ್ಮ ಅಡುಗೆ ಮನೆಯಲ್ಲಿ ಒಂದು ಕಟ್ಟು ನುಗ್ಗೆಸೊಪ್ಪು ಕಾಣಿಸಿತು. ಈ ಬೀದಿಯಲ್ಲಿ ನುಗ್ಗೆ ಮರ ಇರುವುದು ಒಂದೇ ಮನೆಯಲ್ಲಿ. ನಾನು ಕಾಣದ ಹಾಗೆ ಇದ್ದುಬಿಟ್ಟೆ.

ಮದುವೆಯಾಗಿ ಎರಡು ವರ್ಷ ತುಂಬಿದ ಮೇಲೆ ಈ ಓಸಿಐ ಕಾರ್ಡಿಗೆ, ಅಂದರೆ ಇಲ್ಲೇ ನೆಲೆಸುವ ಪರವಾನಗಿಗೆ, ಅರ್ಜಿ ಹಾಕಬಹುದಂತೆ. ಹಾಕಿದರು. ಮದುವೆ ಪತ್ರ, ಪಾಸ್‌ಪೋರ್ಟು, ಮನೆಯ ಕರೆಂಟು ಬಿಲ್ಲು, ಇಬ್ಬರೂ ಒಟ್ಟಿಗಿರುವ ಫೋಟೋಗಳು. ಸುಂಕದಕಟ್ಟೆಯ ಜೆರಾಕ್ಸ್ ಅಂಗಡಿಯವನು ನನ್ನ ಎದೆಗೆ ಕಲ್ಲು ಹಾಕಿದ. "ಮನೆಗೇ ಬಂದು ವಿಚಾರಿಸ್ತಾರೆ ಅಜ್ಜಿ. ಪೇಪರ್‌ಗೋಸ್ಕರ ಆಗಿರೋ ಮದುವೆ ಅಂತ ಡೌಟ್ ಬಂದ್ರೆ ಮುಗೀತು." ನೀಮಾಳ ವೀಸಾಕ್ಕೆ ಉಳಿದಿದ್ದದ್ದು ಆರೇ ತಿಂಗಳು. ಕಾರ್ಡೂ ಇಲ್ಲ, ವೀಸಾವೂ ಮುಂದೆ ಹೋಗಲಿಲ್ಲ ಎಂದರೆ ಅವಳು ವಿಮಾನ ಹತ್ತಬೇಕು. ನನಗೆ ಅನ್ನ ಇಳಿಯದಾಯಿತು.

ಅಲ್ಲಿ ನಾನೊಂದು ದಡ್ಡತನ ಮಾಡಿದೆ. ಸಂಸಾರ ಎಂದರೆ ಚೊಕ್ಕವಾಗಿ ಕಾಣಬೇಕು ಅಂದುಕೊಂಡೆ. ಮದುವೆ ಫೋಟೋಗೆ ಹೊಸ ಫ್ರೇಮು ಹಾಕಿಸಿದೆ. ನೀಮಾಗೆ ನನ್ನ ಧಾರೆ ಸೀರೆ ಉಡಿಸಿದೆ. "ಏನ್ ಕೇಳಿದ್ರೂ ನಗ್ತಾ ಹೇಳಿ, ಜಗಳ ಗಿಗಳ ಅಂತ ಬಾಯಿ ಬಿಟ್ಟೀರಾ ಜೋಕೆ" ಎಂದು ಇಬ್ಬರಿಗೂ ಪಾಠ ಮಾಡಿದೆ.

ಕಚೇರಿಯಿಂದ ವಿಚಾರಣೆಗೆ ಬಂದವರು ಮೆತ್ತಗೆ ಮಾತಾಡುವ ಮನುಷ್ಯ. ಕುರ್ಚಿಯಲ್ಲಿ ಕೂತು ಗೋಡೆ ನೋಡಿದರು, ಹೊಸ ಫ್ರೇಮು ನೋಡಿದರು, ಬೊಂಬೆಯ ಹಾಗೆ ಕೂತಿದ್ದ ನೀಮಾಳನ್ನು ನೋಡಿದರು.

"ಜಗಳ ಯಾವ ವಿಷಯಕ್ಕೆ ಆಡ್ತೀರಮ್ಮಾ?"

"ಜಗಳಾನೇ ಆಡಲ್ಲ ಸಾರ್" ಎಂದಳು ನೀಮಾ.

"ನೀವಪ್ಪಾ?"

"ಜಗಳಾನೇ ಆಡಲ್ಲ ಸಾರ್" ಎಂದ ಮಧು. ಅದೇ ಧಾಟಿ, ಅದೇ ನಗು.

ಆತ ಪೆನ್ನಿನ ಕ್ಯಾಪು ಮುಚ್ಚಿದರು. "ನಂಗೆ ಮದುವೆ ಆಗಿ ಇಪ್ಪತ್ತು ವರ್ಷ ಆಯ್ತು. ಇಂಥ ಮನೆ ಇದೇ ಮೊದಲು ನೋಡ್ತಿರೋದು" ಎಂದು ಎದ್ದರು. ಫೈಲು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದು ರಸ್ತೆಯ ಆಚೆ ನೋಡಿದರು. "ಅಕ್ಕಪಕ್ಕದವರನ್ನೂ ಒಂದು ಮಾತು ಕೇಳ್ಬೇಕು." ಎಂದವರೇ ನೇರ ಎದುರು ಮನೆಗೆ ನಡೆದರು.

 ಗೇಟಿನ ಸರಳು ಹಿಡಿದು ನಿಂತೆ. ಮರದ ಲೆಕ್ಕ ಇವತ್ತು ತೀರಿಸುತ್ತಾಳೆ ಎಂದುಕೊಂಡೆ.

"ಎದುರು ಮನೆ ಗಂಡ ಹೆಂಡ್ತಿ ಗೊತ್ತಾ ನಿಮಗೆ?" ಎಂದು ಆತ ಕೇಳಿದರು.

"ದಿನಾ ನೋಡ್ತೀನಿ. ಬೇರೇನ್ ಕೆಲಸ ನಂಗೆ?"

"ಹೊಂದ್ಕೊಂಡು ಇದಾರಾ? ಜಗಳಾನೇ ಆಡಲ್ಲ ಅಂತಾರೆ."

"ಯಾರು, ಇವ್ರಾ?" ಎದುರು ಮನೆಯಾಕೆ ಕನ್ನಡಕ ತೆಗೆದಳು. "ಸುಳ್ಳು ಸಾರ್. ಶುದ್ಧ ಸುಳ್ಳು. ಬೀದಿಗೆಲ್ಲಾ ಕೇಳೋ ಹಂಗೆ ಆಡ್ತಾರೆ."

ಮಧುವಿನ ತಾಯಿ, ನನ್ನ ಸೊಸೆ, ನನ್ನ ಭುಜ ಹಿಡಿದುಕೊಂಡಳು. ಆತ ಪೆನ್ನು ತೆಗೆದರು.

"ಹೋದ ತಿಂಗಳು ಇವ್ನು ಆರು ಗಂಟೆಗೆ ಬರ್ತೀನಿ, ಆಚೆ ಹೋಗಣ ಅಂದಿದ್ನಂತೆ. ಬಂದಿದ್ದು ಎಂಟಕ್ಕೆ. ಅವ್ಳು ಅವನ ಹೆಲ್ಮೆಟ್ ಕಿತ್ಕೊಂಡು ಎಸೆದ್ಲು ನೋಡಿ, ಉರುಳ್ಕೊಂಡು ಬಂದು ನನ್ ಜಗಲಿಗೇ ಬಡೀತು. ಬೇಕಾದ್ರೆ ಹೋಗಿ ನೋಡಿ, ಹಿಂದ್ಗಡೆ ಸೀಳೈತೆ."

ಮಧುವಿನ ಬೈಕು ಗೇಟಿನ ಪಕ್ಕದಲ್ಲೇ ಇತ್ತು. ಆತ ಬಂದು ಹೆಲ್ಮೆಟ್ ತಿರುಗಿಸಿ ನೋಡಿದರು. ಸೀಳಿತ್ತು. ವಾಪಸು ಹೋದರು.

"ಆಮೇಲೆ?"

"ಆಮೇಲೇನು, ಅವ್ಳೇ ಬಂದು ಎತ್ಕೊಂಡು ದುಪಟ್ಟಾದಲ್ಲಿ ಒರೆಸಿದ್ಲು. ಅವನ ತಲೆಗೆ ಹಾಕಿ, ಗದ್ದದ ಕೆಳಗೆ ಪಟ್ಟಿ ಬಿಗಿದ್ಲು. ಎಲ್ಲೂ ಹೋಗೋದಿರ್ಲಿಲ್ಲ ಸಾರ್ ಅವ್ನು. ಸುಮ್ನೆ ಬಿಗಿದ್ಲು. ಹೆಲ್ಮೆಟ್ ಹಾಕ್ಕೊಂಡೇ ಒಳಗೋದ, ಇಬ್ರೂ ನಗ್ತಾ."

ಆತ ಬರೆಯುತ್ತಿದ್ದರು. ಅವಳು ನಿಲ್ಲಿಸಲಿಲ್ಲ.

"ಗೇಟು ಹಿಡ್ಕೊಂಡು ನಿಂತವ್ಳಲ್ಲ, ಆ ಮುದುಕಿಗೆ ಮಂಡಿ ಆಪರೇಷನ್ ಆದಾಗ ಮಗ ಸೊಸೆ ಕೆಲಸಕ್ಕೆ ಹೋಗೋರು. ಈ ಹುಡುಗಿನೇ ಅವಳ ಕೈ ಹಿಡ್ಕೊಂಡು ಆ ಲೈಟು ಕಂಬದ ತನಕ ನಡೆಸೋಳು. ಮೊದಲನೇ ದಿನ ಇಪ್ಪತ್ತೆರಡು ಹೆಜ್ಜೆಗೇ ಮುದುಕಿ ಕೂತ್ಬಿಟ್ಲು. ಹದಿನೈದನೇ ದಿನ ಕಂಬ ಮುಟ್ಟಿದ್ಲು. ನಾನು ಎಣಿಸ್ತಿದ್ದೆ."

"ಅವರ ಮನೆಗೂ ನಿಮಗೂ ಒಳ್ಳೇ ಒಡನಾಟ ಅನ್ನಿ."

"ಹನ್ನೊಂದು ವರ್ಷದಿಂದ ಮಾತಿಲ್ಲ."

ಆತನ ಪೆನ್ನು ನಿಂತಿತು. "ಮತ್ತೆ ಅವರ ಪರವಾಗಿ ಹೇಳ್ತಿದೀರಲ್ಲಮ್ಮಾ?"

"ಪರ ಯಾರ್ ಹೇಳಿದ್ರು? ಕಂಡಿದ್ದು ಹೇಳ್ದೆ. ಸಿಟ್ಟಿರೋದು ಮುದುಕಿ ಮೇಲೆ. ಅದಕ್ಕೆ ಆ ಹುಡುಗಿ ಬಾಳಿನ ಮೇಲೆ ಸುಳ್ಳು ಹೇಳ್ಲಾ?"

ಆತ ನಗುತ್ತಾ ಅವಳಿಂದ ಸಹಿ ಹಾಕಿಸಿಕೊಂಡರು. ಮೊರದ ಬೆನ್ನ ಮೇಲೆ ಕಾಗದ ಇಟ್ಟು ಒಂದೊಂದೇ ಅಕ್ಷರ ಬರೆದಳು. ನಾನು ಗೇಟಿನಲ್ಲೇ ಅಳುತ್ತಾ ನಿಂತಿದ್ದೆ. ನಾನು ನಡೆದ ಹೆಜ್ಜೆಗಳನ್ನು ನಾನೇ ಎಣಿಸಿರಲಿಲ್ಲ.

ಆದರೂ ನಾಲ್ಕು ತಿಂಗಳು ಕಾದೆವು. ಫೋನು ಬಡಿದರೆ ಎಲ್ಲರೂ ಓಡುತ್ತಿದ್ದೆವು. ನೀಮಾ ದಿನಾ ಸಂಜೆ ಎದುರು ಮನೆಯ ಜಗಲಿಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದಳು. "ಟೈಗರ್, ಬರೋದು ಬಂದೇ ಬರುತ್ತೆ, ಮನೇಲಿ ಎಲ್ರಿಗೂ ಸರಿಯಾಗಿ ಉಣ್ಣಕ್ಕೆ ಹೇಳು" ಎಂದು ಎದುರು ಮನೆಯಾಕೆ ಹೇಳುವುದು ನನಗೆ ಕೇಳಿಸುತ್ತಿತ್ತು.

ಇವತ್ತು ಸಂಜೆ ನೀಮಾ ಒಂದು ಪಾತ್ರೆ ತುಂಬ ಅವರೆಕಾಳು ತಂದಳು, ಬೆಳಿಗ್ಗೆ ಆಕೆ ಸುಲಿದದ್ದೇ. ಸಿಪ್ಪೆ ಹಿತುಕಿ ಸಾರು ಮಾಡಿದೆ, ಮುದ್ದೆ ತೊಳಸಿ ಕಟ್ಟಿದೆ. ಎಲ್ಲರೂ ಕೂರುವ ಹೊತ್ತಿಗೆ ನೀಮಾ ಕಾಣಲಿಲ್ಲ. ನೋಡಿದರೆ ಎದುರು ಮನೆಯಾಕೆಯ ಕೈ ಹಿಡಿದು ರಸ್ತೆ ದಾಟಿಸಿಕೊಂಡು ಬರುತ್ತಿದ್ದಾಳೆ, ನನ್ನನ್ನು ನಡೆಸಿದ ಹಾಗೆಯೇ. ಹಿಂದೆ ಟೈಗರ್. ಆಕೆ ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ಮಧುವಿನ ಪಕ್ಕ ತಟ್ಟೆಯ ಮುಂದೆ ಕೂತಳು. ನಾಯಿ ಹೊಸ್ತಿಲ ಆಚೆ ಮಲಗಿತು.

ನಾನು ಸಾರಿನ ಸೌಟು ಹಿಡಿದು ನಿಂತೆ. ಅವಳ ಕಡೆ ನೋಡಲು ಆಗಲಿಲ್ಲ. ಹೊಸ್ತಿಲ ಕಡೆ ತಿರುಗಿದೆ.

"ಟೈಗರ್, ಆ ಹೊಂಗೆ ಮರ ಕಡಿಸಿದ್ದು ನನ್ನ ತಪ್ಪು ಕಣೋ. ಕೇಳದೆ ಕಡಿಸ್ಬಾರ್ದಿತ್ತು."

 ಎದುರು ಮನೆಯಾಕೆ ದಾರದ ಕನ್ನಡಕ ಸರಿ ಮಾಡಿಕೊಂಡು ತಲೆ ಎತ್ತಿದಳು.

"ನಾಯಿಗ್ಯಾಕೆ ಹೇಳ್ತೀಯೇ? ನಾನಿಲ್ಲೇ ಕೂತಿಲ್ವಾ?"

ಅವಳ ಮುಖ ನೋಡಿ ಮತ್ತೊಂದು ಸಲ ಹೇಳಿದೆ.

"ಹೂಂ" ಅಂದಳು. "ಸಾರು ಬಿಡು, ಮುದ್ದೆ ಆರ್ತೈತೆ."

ಬಡಿಸಿದೆ. ಆಮೇಲೆ ನಾನೂ ತಟ್ಟೆ ತಂದು ಅವಳ ಪಕ್ಕದಲ್ಲೇ ಕೂತು ಉಂಡೆ.