ಎಣ್ಣೆ ಕಾಣದ ಚೆಂಡು

ಹುಣಸೂರಿನ ಚರ್ಮದ ಕಾರ್ಖಾನೆಯ ಮುದ್ದಯ್ಯನಿಗೆ ತೊಗಲಿನ ಮರ್ಮ ಗೊತ್ತಿದ್ದಷ್ಟು ಹೆಂಡತಿಯ ಮನಸ್ಸು ಗೊತ್ತಿರಲಿಲ್ಲ. ಹಾಗಂತ ಅವನ ಹೆಂಡತಿ ಚಿಕ್ಕಬೀರಮ್ಮನೇ ಊರಿಗೆಲ್ಲ ಸಾರುತ್ತಿದ್ದಳು. ಕಡೆಗೆ ಆ ತೊಗಲಿನ ವಿದ್ಯೆಯೇ ಅವನ ಮಾನ ಕಳೆಯಿತು ನೋಡಿ!

೧೯೩೭ರ ಕಡೆಯ ಪಂದ್ಯಕ್ಕೆ ಮುಂಚೆ, ತಾನೂ ಆಡುತ್ತಿದ್ದ ಕಾರ್ಖಾನೆ ತಂಡದ ಫುಟ್‌ಬಾಲು ಒರಟಾಗಿದೆಯೆಂದು, ಒಣತೊಗಲಿಗೆ ಹದ ಕೊಡುವ ಹಾಗೆ ಇವನು ಅದಕ್ಕೆ ಮೂರು ದಿನ ಹರಳೆಣ್ಣೆ ಕುಡಿಸಿದ. ಅದೂ ಹೊಟ್ಟೆ ತುಂಬ ಕುಡಿದು ಕುಂಬಳಕಾಯಿಯಷ್ಟು ಭಾರವಾಯಿತು. ಬರಿಗಾಲಿನ ನಮ್ಮವರು ಒದ್ದರೆ ನಾಲ್ಕು ಮಾರು ಹೋಗದು, ಬೂಟು ಹಾಕಿದ ಎದುರಾಳಿಗಳು ಒದ್ದರೆ ಗೋಲು. ಐದು ಗೋಲು ತಿಂದು ತಂಡ ಮೈಸೂರು ಲೀಗಿನ ಮೊದಲ ದರ್ಜೆಯಿಂದ ಎರಡನೆಯದಕ್ಕೆ ಬಿತ್ತು.

"ಏನ್ಲಾ ಮುದ್ದ, ಇವತ್ತು ಯಾತಕ್ಕೆ ಎಣ್ಣೆ ಹಾಕ್ದೆ?" ಎಂದು ಸಂತೆಯಲ್ಲೆಲ್ಲ ನಗು. ಕ್ಯಾಪ್ಟನ್ ಜವರಯ್ಯ ಕಡ್ಡಿ ಮುರಿದಂತೆ ಹೇಳಿಬಿಟ್ಟ: "ಇನ್ಮೇಲೆ ಚೆಂಡು ಮುಟ್ಬ್ಯಾಡ. ಒದಿ, ಅಷ್ಟೇಯ."

ಮುದ್ದಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಆಟ ಬಿಟ್ಟನೇ? ಬಿಡುವ ಆಸಾಮಿಯೇ ಅಲ್ಲ. ತೊಗಲು ಹದಮಾಡುವ ತಂಗಡಿ ಚಕ್ಕೆಯ ನೀರಿನಲ್ಲಿ ಅದ್ದಿ ಅದ್ದಿ ಅಂಗಾಲು ಗಟ್ಟಿ ಮಾಡಿಕೊಂಡ. ಕಾರ್ಖಾನೆಯಲ್ಲಿ ಕೇಳಿ ತಂದ ತೊಗಲನ್ನು ಮೇಣದ ದಾರದಲ್ಲಿ ಚೆಂಡಾಗಿ ಹೊಲಿಯತೊಡಗಿದ. ಹೊಲಿಗೆ ಸೊಟ್ಟಗಾದರೆ ಬಿಚ್ಚಿ ಮತ್ತೆ ಹೊಲಿದ.

"ಯಾರೂ ಒದೀದ ಚೆಂಡು ಯಾತಕ್ಕೆ?" ಎಂದಳು ಚಿಕ್ಕಬೀರಮ್ಮ.

"ಒದೀತಾರೆ ಬುಡು."

ಮರುವರ್ಷ ಎರಡನೆಯ ದರ್ಜೆಯಲ್ಲಿ ಪಿರಿಯಾಪಟ್ಟಣವನ್ನು ಸೋಲಿಸಿದರು, ಸಾಲಿಗ್ರಾಮವನ್ನೂ ಸೋಲಿಸಿದರು. ಕಡೆಯ ಆಟ ಹುಣಸೂರಿನಲ್ಲೇ, ಮೈಸೂರಿನ ತಂಡದ ಮೇಲೆ. ಗೆದ್ದರೆ ಮತ್ತೆ ಮೊದಲ ದರ್ಜೆ, ಸಮವಾದರೆ ಇಲ್ಲ. ಜವರಯ್ಯ ಅಂಗಡಿಯ ಹೊಸ ಚೆಂಡು ತಂದಿದ್ದ. ಒಂದೊಂದು ಗೋಲಾಗಿದ್ದಾಗ ಮಳೆ ಹಿಡಿಯಿತು, ಬೂಟಿನ ಒದೆತಕ್ಕೆ ಆ ಚೆಂಡಿನ ಹೊಲಿಗೆ ಬಾಯಿಬಿಟ್ಟಿತು. ಒಳಗಿನ ರಬ್ಬರ್ ಬ್ಲ್ಯಾಡರ್ ಮಾತ್ರ ಸರಿಯಿತ್ತು. ಬೇರೆ ಚೆಂಡಿಲ್ಲದಿದ್ದರೆ ಆಟ ಇಲ್ಲಿಗೇ ಮುಗಿಯಿತು ಎಂದರು ರೆಫರಿ.

"ಕೊಡಮ್ಮಿ!" ಎಂದು ಮುದ್ದಯ್ಯ ಬೇಲಿಯ ಕಡೆ ಕೂಗಿದ. ಚಿಕ್ಕಬೀರಮ್ಮ ಸೆರಗಿನ ಮರೆಯಿಂದ ಅವನು ಹೊಲಿದ ಚೆಂಡಿನ ತೊಗಲನ್ನು ತೆಗೆದುಕೊಟ್ಟಳು.

"ಎಣ್ಣೆ?" ಎಂದ ಜವರಯ್ಯ.

"ಒಂದು ತೊಟ್ಟೂ ಇಲ್ಲ ಕಣಣ್ಣ. ಸೋತ್ರೆ ನಾ ಈ ಮೈದಾನಕ್ಕೆ ಇನ್ನು ಕಾಲಿಡಾಕಿಲ್ಲ."

ಬ್ಲ್ಯಾಡರ್ ತೂರಿಸಿ, ಗಾಳಿ ತುಂಬಿ, ಬಾಯಿ ಕಟ್ಟಿದರು.

ಆಟ ಮುಗಿಯಲು ಎರಡು ನಿಮಿಷವಿತ್ತು. ಮೈದಾನದ ನಡುವಿನಿಂದ ಮುದ್ದಯ್ಯ ಬರಿಗಾಲಿನಲ್ಲಿ ಎತ್ತಿ ಒದ್ದ. ಹುಣಸೂರಿನ ಎಣ್ಣೆ ಚೆಂಡಿನ ಕತೆ ಮೈಸೂರಿನ ಗೋಲ್‌ಕೀಪರಿಗೂ ಗೊತ್ತಿತ್ತು. ನಾಲ್ಕು ಮಾರಿಗೆ ಬೀಳುತ್ತದೆಂದು ನಗುತ್ತ ಮುಂದೆ ಬಂದ. ಚೆಂಡು ಅವನ ತಲೆಯ ಮೇಲೆ ಹಾದು ಗೋಲಿನೊಳಗೆ ಹೋಯಿತು.

ಸೀಟಿ ಊದಿದ ಮೇಲೆ ಜವರಯ್ಯ ಓಡಿಬಂದು, ಕೆಸರಾದ ಚೆಂಡನ್ನು ಎತ್ತಿಕೊಳ್ಳಲು ಬಾಗಿದ. ಮುದ್ದಯ್ಯ ಅದರ ಮೇಲೆ ಕಾಲಿಟ್ಟ.

"ಮುಟ್ಬ್ಯಾಡ ಕಣಣ್ಣ," ಎಂದ. "ಒದಿ, ಅಷ್ಟೇಯ."